ಪೈಪೋಟಿ ಸತ್ತ ಮೇಲೆ ಬರುವ ತೀರ್ಪು ಯಾರಿಗೆ ಬೇಕು? ಸ್ಪರ್ಧಾ ಕಾನೂನಿನ ಹೊಣೆ ಹೊತ್ತ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ಬೆಲೆ ಇಳಿಯಿತು ಅಂತ ಯಾವ ಗ್ರಾಹಕರೂ ನಿಮ್ಮ ಬಳಿ ದೂರು ತರುವುದಿಲ್ಲ. ಆದರೆ ದೊಡ್ಡ ಕಂಪನಿಯೊಂದು ಬೇಕೆಂದೇ ಅಸಲಿಗಿಂತ ಕಡಿಮೆಗೆ ಮಾರಿದಾಗ, ಆ ನಷ್ಟವನ್ನು ಹೂಡಿಕೆದಾರರ ದುಡ್ಡಿನಿಂದಲೋ ಬೇರೆ ವ್ಯಾಪಾರದ ಲಾಭದಿಂದಲೋ ತುಂಬಿಕೊಳ್ಳುತ್ತದೆ. ಎದುರಿಗಿರುವ ಸಣ್ಣ ಕಂಪನಿಗೆ ಆ ಆಸರೆ ಇಲ್ಲ. ಅದರ ಮಾಲು ಚೆನ್ನಾಗಿದ್ದರೂ ಕೈಯಲ್ಲಿನ ಕಾಸು ಮುಗಿದು ಸೋಲುತ್ತದೆ.

ಅಗ್ಗದ ಬೆಲೆಯೆಲ್ಲ ತಪ್ಪಲ್ಲ. ಖರ್ಚು ಉಳಿಸಿ ಬೆಲೆ ಇಳಿಸಿದವರನ್ನು ಸುಮ್ನೆ ಕಾಡಬೇಡಿ. ಎರಡನ್ನೂ ಬೇರ್ಪಡಿಸುವ ಅಳತೆ ಇದೆ. ಉತ್ಪಾದನೆ ಹೆಚ್ಚಿದಂತೆ ಏರುವ ಖರ್ಚಿನ ಸರಾಸರಿ ತೆಗೆಯಿರಿ, ಬೆಲೆ ಅದಕ್ಕಿಂತ ಕೆಳಗಿದ್ದರೆ ಅನುಮಾನಿಸಿ ಎಂದು 1975ರಲ್ಲೇ ಅಮೆರಿಕದ ಕಾನೂನು ಪ್ರಾಧ್ಯಾಪಕರಾದ ಅರೀಡಾ ಮತ್ತು ಟರ್ನರ್ ಸೂಚಿಸಿದರು. 1991ರಲ್ಲಿ ಆಕ್ಜೋ ಎಂಬ ರಾಸಾಯನಿಕ ಕಂಪನಿಯ ಮೊಕದ್ದಮೆಯ ತೀರ್ಪಿನಲ್ಲಿ ಯುರೋಪಿನ ನ್ಯಾಯಾಲಯವೂ ಇದೇ ಅಳತೆ ಹಿಡಿಯಿತು.

ತೊಡಕಿರುವುದು ಮುಂದಿನ ಹೆಜ್ಜೆಯಲ್ಲಿ. ಕಳೆದುಕೊಂಡದ್ದನ್ನು ಆ ಕಂಪನಿ ಮುಂದೆ ಬೆಲೆ ಏರಿಸಿ ವಾಪಸ್ ಪಡೆಯಬಲ್ಲದು ಎಂಬುದನ್ನೂ ದೂರುದಾರರೇ ತೋರಿಸಬೇಕು ಎಂದು 1993ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಮುಳುಗುತ್ತಿರುವವರು ಇದನ್ನೆಲ್ಲ ಹೇಗೆ ಸಾಬೀತು ಮಾಡಬೇಕು? ಯುರೋಪಿನಲ್ಲಿ ಈ ಸಾಬೀತು ಕಡ್ಡಾಯವಲ್ಲ. ನಮ್ಮ ಕಾನೂನೂ ಅದೇ ದಾರಿ ಹಿಡಿಯಲಿ.

ಅಲ್ಲಿಯೂ ತಡವಾಗುತ್ತದೆ. ಕ್ವಾಲ್‌ಕಾಮ್ ಕಂಪನಿ 2009ರಿಂದ 2011ರವರೆಗೆ ಕೆಲವು ಮೊಬೈಲ್ ಚಿಪ್‌ಗಳನ್ನು ಅಸಲಿಗಿಂತ ಕಡಿಮೆಗೆ ಮಾರಿತು, ಐಸೆರಾ ಎಂಬ ಎದುರಾಳಿಯನ್ನು ಹೊರದಬ್ಬುವುದೇ ಅದರ ಉದ್ದೇಶ ಎಂದು ಅಲ್ಲಿ ಸ್ಪರ್ಧಾ ಕಾನೂನು ಜಾರಿ ಮಾಡುವ ಯುರೋಪಿಯನ್ ಆಯೋಗ ತೀರ್ಮಾನಿಸಿತು. 24.2 ಕೋಟಿ ಯೂರೋ ದಂಡವನ್ನೂ ಹಾಕಿತು. ಆದರೆ ಯಾವಾಗ? 2019ರಲ್ಲಿ. ಐಸೆರಾವನ್ನು 2011ರಲ್ಲೇ ಎನ್ವಿಡಿಯಾ ಕೊಂಡಿತ್ತು. 2015ರಲ್ಲಿ ಐಸೆರಾದ ಮೋಡೆಮ್ ಚಿಪ್ ವ್ಯವಹಾರವನ್ನೇ ಮುಚ್ಚುವುದಾಗಿ ಎನ್ವಿಡಿಯಾ ಹೇಳಿತ್ತು. ಮುಚ್ಚಲು ಇದೊಂದೇ ಕಾರಣ ಎನ್ನಲಾರೆ. ಆದರೂ ಅಲ್ಲಿ ದುಡಿದ ಎಂಜಿನಿಯರುಗಳಿಗೆ 2019ರ ದಂಡದಿಂದ ಏನು ಸಿಕ್ಕಿತು?

ಈ ಪ್ರಶ್ನೆ ನನ್ನನ್ನು ಜಾಸ್ತಿ ಕಾಡುತ್ತದೆ. ಕೆಲಸ ಕೊಡುವವರು ಕಡಿಮೆಯಾದಷ್ಟೂ ಕೆಲಸಗಾರರು ಸಂಬಳ ಕೇಳುವ ದನಿ ಸಣ್ಣದಾಗುತ್ತದೆ. ಆ್ಯಪ್ ನಂಬಿ ದುಡಿಯುವವರಿಗೆ ಹೋಗಲು ಇನ್ನೊಂದು ಆ್ಯಪ್ ಉಳಿಯದಿದ್ದರೆ, ಕಮಿಷನ್ ಏರಿಸಿದಾಗ ಒಪ್ಪಿಕೊಳ್ಳದೆ ಬೇರೆ ದಾರಿ ಇದೆಯೇ? ಗ್ರಾಹಕರ ಕಥೆಯೂ ಅಷ್ಟೇ ಅಲ್ವಾ? ಬೆಲೆ ಏರಿದಾಗ, ಗುಣಮಟ್ಟ ಇಳಿದಾಗ, ಬಿಟ್ಟುಹೋಗಲು ಜಾಗ ಇರಬೇಕು. ಹಿಂದಿನವರ ಗತಿ ನೋಡಿದ ಹೊಸಬರು ಆ ಮಾರುಕಟ್ಟೆಗೆ ಸುಲಭವಾಗಿ ಕಾಲಿಡುವುದಿಲ್ಲ.

ಆದ್ದರಿಂದ ತನಿಖೆ ನಡೆಯುತ್ತಿರುವಾಗಲೇ ಅಸಲಿಗಿಂತ ಕಡಿಮೆಯ ಅಂಥ ಮಾರಾಟಕ್ಕೆ ಮಧ್ಯಂತರ ತಡೆ ಹಾಕಿಸಿ. ತನಿಖೆ ಮುಗಿಸಲು ಕಾಲಮಿತಿ ಇಡಿ. ಪ್ರಬಲ ಕಂಪನಿಗಳು ತಮ್ಮ ಖರ್ಚಿನ ಲೆಕ್ಕವನ್ನು ತನಿಖಾಧಿಕಾರಿಗಳಿಗೆ ಕೂಡಲೇ ಒಪ್ಪಿಸಬೇಕು. ಹಾನಿಯನ್ನು ಅಳೆಯುವಾಗ ಗ್ರಾಹಕರು ಕೊಟ್ಟ ಬೆಲೆಯ ಜೊತೆಗೆ ಹೋದ ಕೆಲಸಗಳನ್ನೂ ಇಳಿದ ಸಂಬಳವನ್ನೂ ಲೆಕ್ಕಕ್ಕೆ ಸೇರಿಸಿ. ಈ ತಿದ್ದುಪಡಿಯನ್ನು ಯಾವಾಗ ಸದನಕ್ಕೆ ತರುತ್ತೀರಿ ಎಂಬುದನ್ನು ದಯವಿಟ್ಟು ಬಹಿರಂಗವಾಗಿಯೇ ತಿಳಿಸಿ.

ಇಂತಿ,
ಒಬ್ಬ ಮತದಾರ