ಬೇಸಿಗೆ ಶಿಬಿರದಲ್ಲಿ ಸ್ಲಾಟ್ ಕಾರಿಗೂ ಜಾಗ ಕೊಡಿ

ಸಂಪಾದಕರಿಗೆ ನಮಸ್ಕಾರ,

ಏಪ್ರಿಲ್ ಬಂತು ಅಂದ್ರೆ ಜಿಲ್ಲಾ ಪುಟದಲ್ಲಿ ಬೇಸಿಗೆ ಶಿಬಿರದ ಸುದ್ದಿ ಶುರು ಆಗ್ತದೆ, ಶಿರಸಿ, ಕುಮಟಾ, ಕಾರವಾರ ಎಲ್ಲಾ ಕಡೆ ಚಿತ್ರಕಲೆ, ಯಕ್ಷಗಾನದ ಹೆಜ್ಜೆ, ಮಣ್ಣಿನ ಗೊಂಬೆ, ಎಲ್ಲಾ ಒಳ್ಳೇದೇ. ಅದ್ರ ಜೊತೆ ಇನ್ನೊಂದು ಸೇರಿಸಿ ಅಂತ ಕೇಳೋಕೆ ಬರೀತಿದ್ದೇನೆ, ಸ್ಲಾಟ್ ಕಾರಿನ ಬಾಡಿ ಮಾಡಿ ಬಣ್ಣ ಹೊಡಿಯೋದು. ಹೋದ ವರ್ಷ ಒಂದು ಶಿಬಿರದವ್ರ ಹತ್ರ ನಾನೇ ಹೋಗಿ ಕೇಳಿದ್ದೆ, "ಅದು ಆಟಿಕೆ ಅಲ್ವಾ, ಇಲ್ಲಿ ಮಕ್ಕಳು ಕಲಿಯೋಕೆ ಬರೋದು" ಅಂದು ಕಳ್ಸಿಬಿಟ್ರು. ನಂಗೆ ನಿಜವಾಗ್ಲೂ ಬೇಜಾರಾಯ್ತು. ನಮ್ಮನೇಲಿ ಮಕ್ಕಳು ಒಂದು ಬಾಡಿ ಮಾಡಿ ಮುಗಿಸುವಾಗ ಏನೇನು ಕಲ್ತ್ರು ಅಂತ ಅವ್ರು ಒಮ್ಮೆ ನೋಡಿದ್ರೆ ಹಾಗೆ ಹೇಳ್ತಿರ್ಲಿಲ್ಲ.

ಗೊತ್ತಿಲ್ಲದವ್ರಿಗೆ ಹೇಳ್ತೇನೆ, ಸ್ಲಾಟ್ ಕಾರು ಅಂದ್ರೆ ಟ್ರ್ಯಾಕಿನ ಮೇಲೆ ಕರೆಂಟಲ್ಲಿ ಓಡೋ ಪುಟ್ಟ ರೇಸ್ ಕಾರು. ಟ್ರ್ಯಾಕಿನಲ್ಲಿ ಸಣ್ಣ ಸೀಳು (ಅದೇ ಸ್ಲಾಟು), ಅದ್ರ ಎರಡೂ ಬದಿ ಲೋಹದ ಪಟ್ಟಿ, ಕಾರಿನ ಮೂತಿ ಕೆಳಗಿನ ಗೈಡು ಆ ಸೀಳಿನೊಳಗೆ ಕೂರ್ತದೆ, ಗೈಡಿನ ಬ್ರೇಡು (ಹೆಣೆದ ತಂತಿ) ಪಟ್ಟಿಗೆ ತಾಗಿ ಮೋಟಾರಿಗೆ 12 ವೋಲ್ಟ್ ಕರೆಂಟು ಹೋಗ್ತದೆ. ಸ್ಟೇರಿಂಗ್ ಇಲ್ಲ, ಕೈಯಲ್ಲಿರೋ ಕಂಟ್ರೋಲರಲ್ಲಿ ಸ್ಪೀಡು ಮಾತ್ರ. ತಿರುವಿನಲ್ಲಿ ಜಾಸ್ತಿ ಒತ್ತಿದ್ರೆ ಕಾರು ಸ್ಲಾಟ್ ಬಿಟ್ಟು ಹಾರ್ತದೆ, ಅಷ್ಟೇ ಆಟ. ಇಂಗ್ಲೆಂಡಿನಲ್ಲಿ 1957ರಲ್ಲಿ ಸ್ಕೇಲೆಕ್ಸ್‌ಟ್ರಿಕ್ ಅನ್ನೋ ಆಟದ ಸೆಟ್ ಬಂದ ಮೇಲೆ ಇದು ಮನೆಮನೆಗೆ ಹೋಯ್ತು. ಈಗ ಹೆಚ್ಚು ಓಡೋದು 1:32 ಅಳತೆಯ (ಅಸಲಿಯ 32ರಲ್ಲಿ ಒಂದು ಪಾಲಿನ) ಕಾರು.

ನಮ್ಮನೇಲಿ ನನ್ನ ಮಗಳು, ಪಕ್ಕದ ಮನೆಯ ಇಬ್ರು ಹುಡುಗ್ರು. ಅವ್ರಿಗೆ ಫಾರ್ಮುಲಾ ಕಾರು ಬೇಕಿತ್ತು, ನಾನು ಅಂಬಾಸಿಡರ್ ಮಾಡುವ ಅಂದೆ. ನನ್ನಪ್ಪ ದೇವಿಮನೆ ಘಾಟಿಯಲ್ಲಿ ಶಿರಸಿ ಕುಮಟಾ ಟ್ಯಾಕ್ಸಿ ಹೊಡೀತಿದ್ದದ್ದು ಅದ್ರಲ್ಲೇ, ಆ ಕಾರು 2014ರಲ್ಲಿ ತಯಾರಿಕೆನೇ ನಿಂತು ಹೋಯ್ತು, ಈ ಮಕ್ಕಳು ಅದನ್ನ ಸರಿಯಾಗಿ ನೋಡಿದ್ದೂ ಇಲ್ಲ. ಅಸಲಿ ಕಾರಿನ ಉದ್ದ 4325 ಮಿಲಿಮೀಟರ್, 32ರಿಂದ ಭಾಗಿಸಿದ್ರೆ 135 ಚಿಲ್ಲರೆ, ಅಗಲ 52. ಗ್ರಾಫ್ ಹಾಳೆ ಮೇಲೆ ಮೂರೂ ಕಡೆಯಿಂದ ಚಿತ್ರ ಬರ್ದದ್ದು ಮಕ್ಕಳೇ, ಭಾಗಾಕಾರಕ್ಕೆ ಅಳೋ ಹುಡುಗ ಅವತ್ತು ಸಂಜೆವರೆಗೆ ಭಾಗಾಕಾರ ಮಾಡ್ದ.

ಬಾಡಿ ಅಂದ್ರೆ ಕಾರಿನ ಹೊರಕವಚ, ಮರದ ಅಚ್ಚಿನ ಮೇಲೆ ಬಿಸಿ ಪ್ಲಾಸ್ಟಿಕ್ ಹಾಳೆ ಎಳೆದು ಕೂರಿಸಿ ಮಾಡೋದು. ಆ ಅಚ್ಚು ಕೆತ್ತಿದ್ದು ನಮ್ಮ ಪರಿಚಯದ ಒಬ್ರು ಗುಡಿಗಾರ್ರು. ಗಂಧದಲ್ಲಿ ಕೃಷ್ಣನ್ನ ಕೆತ್ತೋ ಕೈ ಅದು, ಕಾರು ಅಂದಾಗ ಮೊದ್ಲು ನಕ್ಕರು, ಆಮೇಲೆ ಚಿತ್ರ ನೋಡಿ ಶಿವಣೆ ಮರದ ತುಂಡು ತಗೊಂಡು ಕೂತೇಬಿಟ್ರು. ಬಾನೆಟ್ಟಿನ ಆ ದುಂಡು, ಹೆಡ್‌ಲೈಟಿನ ಎರಡು ಕಣ್ಣು, ಅಷ್ಟು ಚೆಂದ ಬಂತು. ಮಾಡಿದ್ದು ತಪ್ಪು ಅಂತ ಗೊತ್ತಾಗಿದ್ದು ಆಮೇಲೆ. ಬಾಡಿಯ ಕೆಳ ಅಂಚು ಒಳಕ್ಕೆ ತಿರುಗೋದನ್ನ ಅಸಲಿಯಲ್ಲಿ ಹೇಗಿದೆಯೋ ಹಾಗೇ ಕೆತ್ತಿದ್ರು, ಪ್ಲಾಸ್ಟಿಕ್ ಹಾಳೆ ಅದ್ರ ಮೇಲೆ ಎಳೆದು ಕೂತದ್ದು ವಾಪಸ್ ಬಿಡ್ಲೇ ಇಲ್ಲ, ಕತ್ತರಿಸಿ ತೆಗೀಬೇಕಾಯ್ತು. ಆಮೇಲೆ ಅಂಚನ್ನ ನೇರ ಮಾಡಿ, ಕೆಳಗೆ ಒಂದು ಬೆರಳು ದಪ್ಪದ ಪೀಠ ಕೊಟ್ಟು, ಗ್ರಿಲ್ಲಿನ ಸಂದಿಯಲ್ಲಿ ಸೂಜಿಯಷ್ಟು ಸಣ್ಣ ತೂತು ಹಾಕಿದ್ವಿ, ಗಾಳಿ ಅಲ್ಲಿಂದ ಎಳೆದು ಹೋದ್ರೆ ಮಾತ್ರ ಹಾಳೆ ಮೂಲೆ ಹಿಡೀತದೆ. ಎಳೆಯೋಕೆ ಮನೆಯ ವ್ಯಾಕ್ಯೂಮ್ ಕ್ಲೀನರ್ರೇ ಸಾಕು, ಅದಕ್ಕೆ ತೂತಿನ ಮರದ ಪೆಟ್ಟಿಗೆ, ಹಾಳೆ ಬಿಸಿಗೆ ಜೋತು ಬೀಳ್ತಿದ್ದ ಹಾಗೇ ಅಚ್ಚಿನ ಮೇಲೆ ಇಳಿಸೋದು.

ಇಷ್ಟರಲ್ಲಿ ಮಳೆ ಹಿಡೀತು. ಪಾಲಿಕಾರ್ಬೊನೇಟ್ (ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್) ಹಾಳೆ ಗಾಳಿಯ ತೇವ ಎಳ್ಕೊಳ್ತದೆ, ಒಣಗಿಸದೆ ಕಾಯಿಸಿದ್ರೆ ಒಳಗೆಲ್ಲಾ ಗುಳ್ಳೆ. ನಮ್ಮ ಶಿರಸಿ ಮಳೆಯಲ್ಲಿ ಉಪ್ಪಿನ ಡಬ್ಬಿಯೇ ನೀರು ಬಿಡ್ತದೆ, ಇನ್ನು ಹಾಳೆ ಕೇಳ್ಬೇಕಾ. ಎರಡು ಹಾಳಾಯ್ತು, ಮೂರನೇದಕ್ಕೆ ಪೆಟ್-ಜಿ ಅನ್ನೋ ಇನ್ನೊಂದು ಪ್ಲಾಸ್ಟಿಕ್ಕಿನ ಹಾಳೆ ತಂದ್ವಿ, ಅದಕ್ಕೆ ಈ ಕಾಟ ಅಷ್ಟಿಲ್ಲ. ಟ್ರಿಮ್ ಮಾಡಿ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿದ್ರೆ ಹತ್ತು ಗ್ರಾಂ ಆಸುಪಾಸು.

ಬಣ್ಣದ ಕೆಲಸವೇ ನಂಗೆ ಎಲ್ಲದಕ್ಕಿಂತ ಇಷ್ಟ ಆದದ್ದು. ಈ ಪಾರದರ್ಶಕ ಬಾಡಿಗೆ ಬಣ್ಣ ಹೊಡಿಯೋದು ಒಳಗಿನಿಂದ, ಹೊರಗೆ ಉಜ್ಜಿದ್ರೂ ಬಡಿದ್ರೂ ಬಣ್ಣ ಹೋಗ್ಬಾರ್ದು ಅಂತ. ಅಂದ್ರೆ ಎಲ್ಲಾ ಉಲ್ಟಾ, ಕಣ್ಣಿಗೆ ಮೊದ್ಲು ಕಾಣೋದನ್ನ ಮೊದ್ಲೇ ಹೊಡೀಬೇಕು, ಹಿನ್ನೆಲೆ ಕೊನೆಗೆ. ಸೋಪಿನ ನೀರಲ್ಲಿ ತೊಳೆದು ಕೈಯೆಣ್ಣೆ ಜಿಡ್ಡು ತೆಗೆದು, ಕಿಟಕಿ ಗಾಜಿನ ಜಾಗಕ್ಕೆ ಟೇಪು ಹಚ್ಚಿ, ಕಪ್ಪು ಮೈ ಹಳದಿ ಟಾಪು ಅಂತ ಶುರು ಮಾಡಿದ್ವಿ, ಅವಸರದಲ್ಲಿ ಹಳದಿ ಮೊದ್ಲು ಹೊಡೆದು ಅದ್ರ ಮೇಲೆ ಕಪ್ಪು ಹೊಡೆದ್ರು ಹುಡುಗ್ರು, ಕಪ್ಪು ಹಿಂದಿನಿಂದ ಇಣುಕಿ ಹಳದಿ ಟಾಪು ಪಾಚಿ ಬಣ್ಣ ಆಯ್ತು. ಮತ್ತೊಂದು ಬಾಡಿಯಲ್ಲಿ ಟಾಪಿಗೆ ಟೇಪು ಹಚ್ಚಿ ಕಪ್ಪು ಮೊದ್ಲು, ಆಮೇಲೆ ಆ ಟೇಪು ತೆಗೆದು ಹಳದಿ, ಹಳದಿಯ ಬೆನ್ನಿಗೆ ಬಿಳಿ. ಬಿಳಿ ಬಿದ್ದದ್ದೇ ಹಳದಿ ಹೊಳೀತು ನೋಡಿ! ನಂಬರ್ ಪ್ಲೇಟಲ್ಲಿ ಕೆಎ 31, ಬಾಗಿಲ ಮೇಲೆ "ಶಿರಸಿ", ಇವನ್ನೂ ಒಳಗಿನಿಂದಲೇ ಕನ್ನಡಿಯಲ್ಲಿ ಕಾಣೋ ಹಾಗೆ ತಿರುಗಿಸಿ ಬರೀಬೇಕು. ಮಗಳು ಒಂದು ವಾರ ನೋಟ್‌ಬುಕ್ಕಿನಲ್ಲಿ ಉಲ್ಟಾ ಶಿ ಬರ್ದು ಅಭ್ಯಾಸ ಮಾಡಿದ್ಳು.

ಅವಳನ್ನ ಮಾರಿಕಾಂಬೆ ಗುಡಿಗೆ ಕರ್ಕೊಂಡು ಹೋಗಿ ಗೋಡೆಯ ಕಾವಿ ಚಿತ್ರ ತೋರಿಸ್ದೆ. ಸುಣ್ಣದ ಮೇಲೆ ಕೆಮ್ಮಣ್ಣಿನ ಕಾವಿ ಬಳಿದು, ಕೆರೆದು ಒಳಗಿನ ಬಿಳಿಯನ್ನ ಹೊರಗೆ ತರೋದು ಅಂತ ಹೇಳ್ದೆ, "ಹಾಗಾದ್ರೆ ಇವ್ರೂ ಬಿಳಿಯನ್ನ ಹಿಂದೆ ಇಟ್ಟಿದ್ರು" ಅಂದ್ಳು. ಎಷ್ಟೋ ವರ್ಷದಿಂದ ಆ ಗೋಡೆ ಮುಂದೆ ಕೈ ಮುಗೀತಾ ಬಂದವ ನಾನು, ನಂಗೆ ಅದು ಹೊಳೆದಿರ್ಲಿಲ್ಲ.

ಡ್ರೈವರನ್ನ ಗುಡಿಗಾರ್ರು ಬೆಂಡಿನಲ್ಲಿ ಮಾಡಿಕೊಟ್ರು, ಬಾಸಿಂಗ ಮಾಡೋ ಅದೇ ಬೆಂಡು, ತೂಕವೇ ಇಲ್ಲ. ಅಂಬಾಸಿಡರ್ ಎತ್ತರದ ಕಾರು, ಮೇಲೆ ಭಾರ ಆದ್ರೆ ತಿರುವಿನಲ್ಲಿ ಮಗುಚ್ತದೆ, ಹಾಗಾಗಿ ಮೇಲೆ ಬೆಂಡು, ಕೆಳಗೆ ಚಾಸಿಗೆ ಸೀಸದ ಚೂರು. ಬಾಡಿ ಸ್ಕ್ರೂನ ಅರ್ಧ ಸುತ್ತು ಸಡಿಲ ಬಿಟ್ಟ ಮೇಲೆ ಓಟವೇ ಬದಲಾಯ್ತು, ಬಾಡಿ ಸ್ವಲ್ಪ ಅಲ್ಲಾಡ್ಲಿಕ್ಕೆ ಬಿಟ್ರೆ ಚಕ್ರ ನೆಲ ಬಿಡೂದಿಲ್ಲ.

ಶಿಬಿರ ಮಾಡೋರಲ್ಲಿ ಕೇಳೋದು ಇಷ್ಟೇ, ಮೂರು ದಿನ ಕೊಡಿ. ಮಳೆ ಬರೋ ಮುಂಚೆ, ಏಪ್ರಿಲ್‌ನಲ್ಲೇ ಇಟ್ಕೊಳ್ಳಿ. ಒಬ್ಬ ಗುಡಿಗಾರರನ್ನ ಕರೀರಿ, ಅವ್ರಿಗೆ ಸರಿಯಾದ ಗೌರವಧನ ಕೊಡಿ, ನಮ್ಮ ಜಿಲ್ಲೆಯ ಮಕ್ಕಳು ಈ ಕೈಕೆಲಸವನ್ನ ಅಂಗಡಿಯ ಗಾಜಿನ ಹಿಂದೆ ಮಾತ್ರ ನೋಡ್ತಾರೆ. ಬ್ಲೇಡು, ಬಿಸಿ ಹಾಳೆ ದೊಡ್ಡವ್ರ ಕೈಯಲ್ಲಿರ್ಲಿ, ಸ್ಪ್ರೇ ಅಂಗಳದಲ್ಲಿ ಮಾಸ್ಕ್ ಹಾಕ್ಕೊಂಡು. ಟ್ರ್ಯಾಕಿಗೆ ಚಿಂತೆ ಬೇಡ. ಎಂಡಿಎಫ್ ಹಲಗೆಯಲ್ಲಿ ನಾವು ಮಾಡಿದ ಎರಡು ಲೇನಿನ ಟ್ರ್ಯಾಕ್ ಅಟ್ಟದ ಮೇಲೆ ಮಡಚಿ ಇಟ್ಟಿದ್ದೇವೆ, ಶಿವಣೆ ಅಚ್ಚೂ ಇದೆ, ಯಾರು ಕೇಳಿದ್ರೂ ಕುಮಟಾ, ಕಾರವಾರದವರೆಗೂ ನಾನೇ ಹೊತ್ಕೊಂಡು ಬರ್ತೇನೆ.

ಇತಿ,
ಒಬ್ಬ ಓದುಗ, ಶಿರಸಿ