ಬೀಡಿ ಕಾರ್ಮಿಕರ ಗ್ರಾಚುವಿಟಿಗೆ ಕೊನೆಯ ಮೂರೇ ತಿಂಗಳ ಲೆಕ್ಕ ಸಾಕೇ?

ಮಾನ್ಯ ಸಂಪಾದಕರೇ,

ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದ ಬಳಿಕ ಮುಷ್ಕರದ ನೋಟಿಸು, ಕೆಲಸದ ಅವಧಿ, ಗುತ್ತಿಗೆ ನೇಮಕಾತಿ ಮೊದಲಾದ ವಿಷಯಗಳ ಕುರಿತು ಪತ್ರಿಕೆಗಳಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಮನೆಯ ಜಗಲಿಯಲ್ಲಿ ಕುಳಿತು, ತಡ್ಪೆಯನ್ನು (ಮೊರವನ್ನು) ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರ ವಿಷಯ ಮಾತ್ರ ಅದರಲ್ಲಿ ಬಂದದ್ದು ಕಡಿಮೆ. ಅವರಿಗೆ ಸಂಬಂಧಿಸಿದ ಒಂದೇ ಒಂದು ಅಂಶವನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಲು ಬಯಸುತ್ತೇನೆ.

ನಾನು ನಿವೃತ್ತ ಕನ್ನಡ ಶಾಲಾ ಶಿಕ್ಷಕ. ಊರಿನಲ್ಲಿ ಯಾರಿಗೆ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಕಾಗದ ಬಂದರೂ ಓದಿ ಹೇಳುವ ಕೆಲಸ ಹೇಗೋ ನನ್ನ ಪಾಲಿಗೆ ಬಂದಿದೆ. ಹೀಗೆ ಒಂದು ದಿನ, ಮೂವತ್ತು ವರ್ಷ ಒಂದೇ ಬ್ರಾಂಚಿಗೆ (ಎಲೆ, ಹೊಗೆಸೊಪ್ಪು ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಕಂಪೆನಿಯ ಶಾಖೆಗೆ) ಬೀಡಿ ಕಟ್ಟಿದ ನೆರೆಮನೆಯ ಅಕ್ಕ ತಮ್ಮ ಗ್ರಾಚುವಿಟಿಯ, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟಿನ, ಲೆಕ್ಕ ತೀರಿಸಿದ ಕಾಗದವನ್ನು ಹಿಡಿದುಕೊಂಡು ಬಂದರು. "ಮಾಷ್ಟ್ರೇ, ಇದರಲ್ಲಿ ಏನೋ ತಪ್ಪಿದೆ, ನನ್ನ ಜೊತೆಗೇ ಸೇರಿದವಳಿಗೆ ಇದರ ಎರಡು ಪಾಲು ಸಿಕ್ಕಿದೆ" ಎಂಬುದು ಅವರ ದೂರು. ಕೂತು ಲೆಕ್ಕ ಹಾಕಿ ನೋಡಿದೆ. ಕೂಡುವುದರಲ್ಲಿ, ಗುಣಿಸುವುದರಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ತಪ್ಪು ಇದ್ದದ್ದು ಸೂತ್ರದಲ್ಲೇ.

ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಕೂಲಿಯಂತೆ ಗ್ರಾಚುವಿಟಿ ಕೊಡಬೇಕೆಂಬುದು 1972ರ ಕಾಯ್ದೆಯ ನಿಯಮ. ಕೊಟ್ಟ ಕೆಲಸದ ಎಣಿಕೆಯ ಮೇಲೆ ಕೂಲಿ ಪಡೆಯುವವರಿಗೆ ದಿನದ ಕೂಲಿಯನ್ನು ನಿಶ್ಚಯಿಸುವುದು ಕೆಲಸ ಬಿಡುವುದಕ್ಕೆ ಹಿಂದಿನ ಮೂರು ತಿಂಗಳುಗಳ ಗಳಿಕೆಯ ಸರಾಸರಿಯಿಂದ. ಆ ಕಾಯ್ದೆಯ ಸ್ಥಾನಕ್ಕೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಸೂತ್ರವನ್ನು ಹಾಗೆಯೇ ಉಳಿಸಿಕೊಂಡಿದೆ. ತಿಂಗಳ ಸಂಬಳದವರಿಗೆ ಕೊನೆಯ ಸಂಬಳವೇ ಅತಿ ಹೆಚ್ಚಿನ ಸಂಬಳವಾಗಿರುವುದರಿಂದ ಅವರಿಗೆ ಇಂಥ ಲೆಕ್ಕ ಲಾಭದಾಯಕ. ನನ್ನ ಗ್ರಾಚುವಿಟಿಯೂ ಹಾಗೆಯೇ ಬಂದದ್ದು, ಅದನ್ನು ನಾನು ಮರೆಮಾಚುವುದಿಲ್ಲ. ಬೀಡಿ ಕಟ್ಟುವವರ ವಿಷಯದಲ್ಲಿ ಇದು ತಿರುವುಮುರುವಾಗುತ್ತದೆ. ಇಪ್ಪತ್ತೈದರ ಪ್ರಾಯದಲ್ಲಿ ದಿನಕ್ಕೆ 1000 ಬೀಡಿ ಕಟ್ಟಿದ ಕೈ, ಐವತ್ತೆಂಟರಲ್ಲಿ ಬೆರಳಿನ ಗಂಟು ನೋವು, ಕಣ್ಣಿನ ಪೊರೆ, ಹೊಗೆಸೊಪ್ಪಿನ ಧೂಳಿನ ಕೆಮ್ಮು ಎಲ್ಲವನ್ನೂ ಹೊತ್ತು 400 ಕಟ್ಟಿದರೆ ಹೆಚ್ಚು. ಅದರ ಮೇಲೆ, ನಿಧಾನವಾದವರಿಗೆ ಬ್ರಾಂಚಿನಲ್ಲಿ ಎಲೆ ತೂಗಿಕೊಡುವಾಗಲೂ ಕೈ ಹಿಡಿತವಾಗುತ್ತದೆ.

ಅಕ್ಕನ ಲೆಕ್ಕವನ್ನು ರೂಪಾಯಿಯ ಬದಲು ಬೀಡಿಯಲ್ಲೇ ಹೇಳಿದರೆ ವಿಷಯ ಸ್ಪಷ್ಟವಾಗುತ್ತದೆ. ಮೂವತ್ತು ವರ್ಷಕ್ಕೆ 450 ದಿನಗಳ ಕೂಲಿ. ದಿನಕ್ಕೆ 1000ದಂತೆ ಅದು 4,50,000 ಬೀಡಿಗಳ ಕೂಲಿಯಾಗಬೇಕಿತ್ತು. ಕೊನೆಯ ಮೂರು ತಿಂಗಳು ಅವರು ಕಟ್ಟಿದ್ದು ದಿನಕ್ಕೆ 400 ಆದ್ದರಿಂದ 1,80,000 ಬೀಡಿಗಳ ಕೂಲಿಯಷ್ಟೇ ಆಯಿತು. ಅವರ ಜೊತೆಗಾತಿ ಕೈ ಚುರುಕಾಗಿದ್ದಾಗಲೇ ಕೆಲಸ ಬಿಟ್ಟವಳು. ಮುದುಕಿಯಾಗುವವರೆಗೂ ಬಿಡದೆ ದುಡಿದದ್ದೇ ಅಕ್ಕನಿಗೆ ನಷ್ಟವಾಯಿತು. ಭವಿಷ್ಯನಿಧಿಯ ಪಿಂಚಣಿಯಲ್ಲಿಯೂ ಇದೇ ಕಥೆ: 2014ರ ಸೆಪ್ಟೆಂಬರಿನಿಂದ ಅಲ್ಲಿ ಲೆಕ್ಕಕ್ಕೆ ಬರುವುದು ಕೊನೆಯ 60 ತಿಂಗಳುಗಳ ಸರಾಸರಿ. ಅದೇ ವರ್ಷ ನಿಗದಿಯಾದ 1000 ರೂಪಾಯಿಯ ಕನಿಷ್ಠ ಪಿಂಚಣಿಯ ಬಗ್ಗೆ ಇಲ್ಲಿ ಹೇಳದಿರುವುದೇ ಲೇಸು.

ಇಡೀ ಸೇವಾವಧಿಯ ಕೂಲಿಯ ಸರಾಸರಿ ತೆಗೆದರೆ ಹಳೆಯ ಕಾಲದ ಕಡಿಮೆ ದರಗಳೂ ಸೇರಿ ಮೊತ್ತ ಇನ್ನೂ ಇಳಿಯುತ್ತದೆ ಎಂದು ಕೆಲವರು ಹೇಳಬಹುದು. ಅದು ನಿಜ. ಆದುದರಿಂದಲೇ ನನ್ನ ಸಲಹೆ ಬೇರೆ: ಸೇವಾವಧಿಯಲ್ಲಿ ದಿನವೊಂದಕ್ಕೆ ಸರಾಸರಿ ಎಷ್ಟು ಬೀಡಿ ಕಟ್ಟಿದ್ದಾರೆ ಎಂಬ ಎಣಿಕೆಯನ್ನು ತೆಗೆದುಕೊಂಡು, ಅದಕ್ಕೆ ಕೆಲಸ ಬಿಡುವ ದಿನ ಚಾಲ್ತಿಯಲ್ಲಿರುವ ತುಟ್ಟಿಭತ್ಯೆ ಸಹಿತದ ದರವನ್ನು ಅನ್ವಯಿಸಬೇಕು. ಇದಕ್ಕಾಗಿ ಸಂಸತ್ತಿನಲ್ಲಿ ತಿದ್ದುಪಡಿಯಾಗುವವರೆಗೆ ಕಾಯಬೇಕಾಗಿಲ್ಲ. ಕಾಯ್ದೆ ಹೇಳುವುದಕ್ಕಿಂತ ಉತ್ತಮವಾದ ಗ್ರಾಚುವಿಟಿಯನ್ನು ಮಾಲಕರು ಮತ್ತು ಕಾರ್ಮಿಕರು ಒಪ್ಪಂದದ ಮೂಲಕ ನಿಗದಿಪಡಿಸಿಕೊಳ್ಳಲು ಕಾನೂನಿನಲ್ಲೇ ಅವಕಾಶವಿದೆ. ಪ್ರತಿ ಸಲದ ಮಾತುಕತೆಯಲ್ಲಿ ಸಾವಿರ ಬೀಡಿಗೆ ಎಷ್ಟು ರೂಪಾಯಿ ಏರಿಸಬೇಕು ಎಂಬುದರ ಮೇಲೆಯೇ ಜಗ್ಗಾಡುವ ನಮ್ಮ ಸಂಘಟನೆಗಳು, ಯಾವ ಬಣ್ಣದ ಬಾವುಟದವರೇ ಆಗಲಿ, ಈ ಬೇಡಿಕೆಯನ್ನು ಒಮ್ಮೆ ಪಟ್ಟಿಗೆ ಸೇರಿಸಬೇಕು.

ಎಣಿಕೆ ಬೇಕಾದರೆ ದಾಖಲೆ ಬೇಕು, ತೊಡಕು ಇರುವುದೂ ಅಲ್ಲಿಯೇ. 1966ರ ಬೀಡಿ ಕಾರ್ಮಿಕರ ಕಾಯ್ದೆ ಬಂದ ಕಾಲದಲ್ಲಿ ಖಾಸಗಿ ಮಾಲಕರು ಕೆಲಸ ನಿಲ್ಲಿಸಿದಾಗ 1969ರಲ್ಲಿ ಹುಟ್ಟಿದ ದಿನೇಶ್ ಬೀಡಿ ಸಹಕಾರ ಸಂಘದಲ್ಲಿ ಕಾರ್ಮಿಕರು ಒಂದೇ ಸೂರಿನಡಿ ಕುಳಿತು ಕಟ್ಟುತ್ತಿದ್ದರು, ಹಾಜರಿ ಪುಸ್ತಕ ಅಲ್ಲೇ ಇರುತ್ತಿತ್ತು. ಮನೆಯಲ್ಲಿ ಕಟ್ಟುವವರಿಗೆ ಇರುವ ಏಕೈಕ ಸಾಕ್ಷಿಯೆಂದರೆ ಗುತ್ತಿಗೆದಾರ ಬರೆದುಕೊಡುವ ಲೆಕ್ಕದ ಪುಸ್ತಕ. ಅದರಲ್ಲಿ ಅತ್ತೆಯ ಹೆಸರಿನಲ್ಲಿ ಸೊಸೆ ಕಟ್ಟಿದ ಬೀಡಿ ಇರುತ್ತದೆ. ಒಂದು ವರ್ಷದ ಸೇವೆಯೆಂದು ಎಣಿಸಲು ಬೇಕಾದ 240 ದಿನ ತುಂಬದಂತೆ ಬಿಟ್ಟುಹೋದ ದಿನಗಳೂ ಇರುತ್ತವೆ. ಆಧಾರಿನಲ್ಲಿ ಒಂದು ರೀತಿ, ಪಿ.ಎಫ್. ಖಾತೆಯಲ್ಲಿ ಇನ್ನೊಂದು ರೀತಿ ಹೆಸರಿನ ಅಕ್ಷರಗಳಿರುತ್ತವೆ. ಮನೆಯಲ್ಲಿ ಕಟ್ಟಿದರೂ ಅವರು ಕಂಪೆನಿಯ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟು 1985ರಲ್ಲೇ ಭವಿಷ್ಯನಿಧಿಯ ಪ್ರಕರಣವೊಂದರಲ್ಲಿ ಒಪ್ಪಿದೆ. ಹೊಸ ಸಂಹಿತೆಗಳ ಪೈಕಿ ಕೆಲಸದ ಸುರಕ್ಷತೆಯ ಕುರಿತಾದ ಸಂಹಿತೆಯ ಪ್ರಕಾರ ಪ್ರತಿ ಕಾರ್ಮಿಕನಿಗೂ ನೇಮಕಾತಿ ಪತ್ರ ಕೊಡಬೇಕು. ಹಾಗಾದರೆ ಜಗಲಿಯ ಮೇಲೆ ಕುಳಿತ ಹೆಂಗಸಿಗೂ ಆ ಪತ್ರ ಸಿಗಲಿ, ಸೊಸೆಗೆ ಸೊಸೆಯ ಹೆಸರಿನಲ್ಲೇ ಸಿಗಲಿ.

ಆ ಪತ್ರವೂ ಲೆಕ್ಕದ ಪುಸ್ತಕವೂ ಕನ್ನಡದಲ್ಲಿರಬೇಕು ಎಂಬುದು ಭಾಷಾಭಿಮಾನದ ಮಾತಲ್ಲ, ಎದುರಿಗೇ ಬರೆದದ್ದನ್ನು ಅವರು ಓದಿ ತಪ್ಪಿದ್ದರೆ ಆಗಲೇ ಕೇಳಬೇಕು ಎಂಬ ಕಾರಣಕ್ಕೆ. 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆಯಂತೆ ನಮ್ಮ ಪ್ರದೇಶದ ಕನ್ನಡಿಗರು ರಾಜ್ಯದ ಸ್ಥಳೀಯ ಕಚೇರಿಗಳಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯಬಹುದು. ಕಾರ್ಮಿಕ ಇಲಾಖೆಯ ಜಿಲ್ಲಾ ಅಧಿಕಾರಿಗಳು ಬ್ರಾಂಚುಗಳ ತಪಾಸಣೆಗೆ ಹೋದಾಗ ಮನೆಯಲ್ಲಿ ಕಟ್ಟುವವರ ಕೈಯಲ್ಲಿರುವ ಪುಸ್ತಕಗಳನ್ನೂ ತರಿಸಿ ನೋಡಬೇಕೆಂದು ವಿನಂತಿಸುತ್ತೇನೆ. ನೆರೆಮನೆಯ ಅಕ್ಕ ತಮ್ಮ ಮೂವತ್ತು ವರ್ಷದ ಹಳೆಯ ಪುಸ್ತಕಗಳನ್ನು ಅಕ್ಕಿಯ ಡಬ್ಬಿಯ ಹಿಂದೆ ಜೋಪಾನವಾಗಿ ಇಟ್ಟಿದ್ದಾರೆ. ಬೇಕಾದವರು ಬಂದರೆ ತೋರಿಸಲು ಅವರು ಸಿದ್ಧರಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಶಿಕ್ಷಕ,
ಮಂಜೇಶ್ವರ ತಾಲೂಕು