ಐಇಸಿ: ಜೂನ್ 30ರೊಳಗೆ ದೃಢೀಕರಿಸಿ

ಎಲ್ಲರಿಗೂ ನಮಸ್ಕಾರ. ಕಾಫಿ, ಕಾಳುಮೆಣಸು, ಏಲಕ್ಕಿ ಹೊರದೇಶಕ್ಕೆ ಕಳಿಸುವವರು ದಯವಿಟ್ಟು ಓದಿ. ಐಇಸಿಯನ್ನು, ಅಂದರೆ ಆಮದು-ರಫ್ತುದಾರರ ಕೋಡ್ ಸಂಖ್ಯೆಯನ್ನು, ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಪೋರ್ಟಲ್‌ನಲ್ಲಿ ದೃಢೀಕರಿಸಲೇಬೇಕು. ವಿಳಾಸ, ಬ್ಯಾಂಕ್ ಖಾತೆ ಏನೂ ಬದಲಾಗಿಲ್ಲ ಅಂದರೂ ಬಿಡುವ ಹಾಗಿಲ್ಲ, ಬದಲಾವಣೆ ಇಲ್ಲವೆಂದೇ ದೃಢೀಕರಿಸಬೇಕು. ತಪ್ಪಿದರೆ ಐಇಸಿ ನಿಷ್ಕ್ರಿಯವಾಗುತ್ತದೆ, ಸರಕು ಕಸ್ಟಮ್ಸ್ ದಾಟುವುದಿಲ್ಲ. ಹೋದ ವರ್ಷ ನಾನು ಮರೆತಿದ್ದಕ್ಕೆ, ಚೀಲ ಕಟ್ಟಿಟ್ಟಿದ್ದ ಮೆಣಸು ನಾಲ್ಕು ದಿನ ಗೋದಾಮಿನಲ್ಲೇ ಉಳಿಯಿತು. ಖರೀದಿದಾರರಿಗೆ ಉತ್ತರ ಹೇಳಿ ಸಾಕಾಯಿತು. ನಿಮ್ಮಲ್ಲಿ ಯಾರಿಗೂ ಹಾಗಾಗಬಾರದು.

ಐಜಿಎಸ್‌ಟಿ (ಸಮಗ್ರ ಜಿಎಸ್‌ಟಿ ತೆರಿಗೆ) ಕಟ್ಟದೆ ರಫ್ತು ಮಾಡುವವರು ಈ ಆರ್ಥಿಕ ವರ್ಷದ ಎಲ್‌ಯುಟಿ (ಅದಕ್ಕಾಗಿ ಕೊಡುವ ಮುಚ್ಚಳಿಕೆ ಪತ್ರ) ಹಾಕಿದ್ದೀರಾ, ಅದನ್ನೂ ನೋಡಿಕೊಳ್ಳಿ. ಫಾರ್ಮ್ ಆರ್‌ಎಫ್‌ಡಿ-11. ಹಳೆಯದು ಮಾರ್ಚ್ 31ಕ್ಕೇ ಮುಗಿದಿದೆ.

ಪೋರ್ಟಲ್‌ನಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲೇ ಕೇಳಿ, ಸಂಜೆ ಒಟ್ಟಿಗೆ ಕೂತು ಮಾಡೋಣ.